ಅಜ್ಜ ಕಟ್ಟಿಸಿದ ಹಂಚಿನ ಮನೆ ರಿಪೇರಿ: ಬಜೆಟ್ ಹೇಗೆ ಹಾಕುವುದು?

ಸಾಗರದ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಅಜ್ಜ 1958ರಲ್ಲಿ ಕಟ್ಟಿಸಿದ ಮನೆ, ಸುಮಾರು 18 ಚದರ (1,800 ಚದರಡಿ). ಜಗಲಿ, ನಡುಮನೆ, ಎರಡು ಕೋಣೆ ಜಂಬಿಟ್ಟಿಗೆ ಕಲ್ಲಿನವು. ಹಿಂದಿನ ಅಡಿಗೆಮನೆ ಮತ್ತು ಉಗ್ರಾಣಕ್ಕೆ ಮಾತ್ರ ಮಣ್ಣಿನ ಗೋಡೆ. ಮಾಡಿಗೆ (ಛಾವಣಿಗೆ) ಮಂಗಳೂರು ಹಂಚು. ಬಚ್ಚಲು ಮತ್ತು ಪಾಯಿಖಾನೆ ಹೊರಗೆ, ಅಂಗಳ ದಾಟಿ ಹೋಗಬೇಕು.

ಅಪ್ಪನಿಗೆ 74, ಅಮ್ಮನಿಗೆ 68. ಕಳೆದ ಮಳೆಗಾಲದಲ್ಲಿ ಅಮ್ಮ ರಾತ್ರಿ ಬಚ್ಚಲಿಗೆ ಹೋಗುವಾಗ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡರು. ಅದೇ ಮಳೆಗಾಲ ಮನೆಯೊಳಗೆ ಏಳು ಕಡೆ ಪಾತ್ರೆ ಇಟ್ಟು ಕಳೆದಿದ್ದಾರೆ, ನಮಗೆ ಹೇಳಿರಲಿಲ್ಲ. ದೀಪಾವಳಿಗೆ ಹೋದಾಗ ಗೋಡೆ ಮೇಲಿನ ಕಲೆ ನೋಡಿ ಗೊತ್ತಾಯಿತು. ಇನ್ನೊಂದು ಮಳೆಗಾಲ ಹೀಗೆ ಬಿಡಲು ನನಗೆ ಮನಸ್ಸಿಲ್ಲ.

ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ತಮ್ಮ ಪುಣೆಯಲ್ಲಿ. ನನ್ನ ಹತ್ತಿರ ಎಫ್‌ಡಿಯಲ್ಲಿ 13 ಲಕ್ಷ ಇದೆ. ತಮ್ಮ 4 ಲಕ್ಷ ಕೊಡುತ್ತೇನೆ ಎಂದಿದ್ದಾನೆ. ಬ್ಯಾಂಕಿನಲ್ಲಿ ವಿಚಾರಿಸಿದ್ದಕ್ಕೆ 8 ಲಕ್ಷ ಸಾಲ, 9 ಪರ್ಸೆಂಟ್ ಬಡ್ಡಿ, 7 ವರ್ಷ, ತಿಂಗಳಿಗೆ ಸುಮಾರು 12,900 ಕಂತು ಎಂದರು.

ಮೂರು ಜನರಿಗೆ ಮನೆ ತೋರಿಸಿದೆ. ಒಬ್ಬ ಕಾಂಟ್ರಾಕ್ಟರ್ ಅರ್ಧ ಗಂಟೆ ಸುತ್ತಾಡಿ, ಅಟ್ಟ ಕೂಡ ಹತ್ತದೆ, 22 ಲಕ್ಷ ಎಂದರು. ಇನ್ನೊಬ್ಬರು ಇದನ್ನೆಲ್ಲ ರಿಪೇರಿ ಮಾಡುವುದು ದಂಡ, ಕೆಡವಿ ಆರ್‌ಸಿಸಿ ಹಾಕೋಣ, 36 ಲಕ್ಷ ಎಂದರು. ನಮ್ಮೂರಿನ ಮೇಸ್ತ್ರಿ ಮಾತ್ರ "ದಿನಗೂಲಿ ಲೆಕ್ಕದಲ್ಲಿ ಮಾಡೋಣ, ಎಷ್ಟಾಗುತ್ತದೆ ಅಂತ ಈಗಲೇ ಹೇಳಲಿಕ್ಕೆ ಆಗುವುದಿಲ್ಲ" ಎಂದರು. ಕೆಡವುವ ಮಾತು ಕೇಳಿ ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹಾಗಾಗಿ ಕೆಡವುವುದಿಲ್ಲ, ಅದು ತೀರ್ಮಾನ ಆಗಿದೆ.

ನನ್ನ ಪ್ರಶ್ನೆ ಇಷ್ಟು. ಇಂಥ ಮನೆಗೆ ಬಜೆಟ್ ಹಾಕುವುದು ಎಲ್ಲಿಂದ ಶುರು? 17 ಲಕ್ಷದಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ? ಸಾಲ ತೆಗೆಯಲೇಬೇಕಾ? ಮತ್ತೆ, ಈ ಕೆಲಸ ಮಾಡಿಸಿದವರು ಎಲ್ಲಿ ದುಡ್ಡು ಅಂದಾಜು ಮೀರಿತು ಅಂತ ಬಿಚ್ಚಿ ಹೇಳಿದರೆ ದೊಡ್ಡ ಉಪಕಾರ.

ತೀರ್ಥಹಳ್ಳಿ ಕಡೆಯವ

ಮೇಡಂ, ನಿಮ್ಮ ಮೇಸ್ತ್ರಿ ಹೇಳಿದ್ದೇ ಸತ್ಯ. ಮೂವರಲ್ಲಿ ಅವರೊಬ್ಬರೇ ಪ್ರಾಮಾಣಿಕವಾಗಿ ಮಾತಾಡಿದ್ದಾರೆ. ಅಟ್ಟ ಹತ್ತದೆ 22 ಲಕ್ಷ ಹೇಳಿದವರ ಲೆಕ್ಕವನ್ನು ಬದಿಗಿಡಿ.

ನಮ್ಮದು 15 ಚದರದ ಹಂಚಿನ ಮನೆ. 2022ರ ಡಿಸೆಂಬರ್‌ನಲ್ಲಿ ಶುರು ಮಾಡಿದೆವು. ಅಂದಾಜು 11 ಲಕ್ಷ ಹಾಕಿದ್ದೆವು. ಮುಗಿಯುವಾಗ 17 ಲಕ್ಷದ 60 ಸಾವಿರ. ಹೆಚ್ಚಾದ 6 ಲಕ್ಷದ 60 ಸಾವಿರ ಎಲ್ಲಿ ಹೋಯಿತು ಅಂತ ಪುಸ್ತಕ ತೆಗೆದು ನೋಡಿ ಹೇಳುತ್ತಿದ್ದೇನೆ.

ಮರಕ್ಕೆ 2 ಲಕ್ಷದ 10 ಸಾವಿರ. ಕೆಳಗಿನಿಂದ ನೋಡಿದಾಗ ಆರು ಪಕಾಸಿ (ಹಂಚಿನ ಕೆಳಗೆ ಇಳಿಜಾರಾಗಿ ಕೂರಿಸುವ ಮರ) ಹಾಳಾಗಿದೆ ಅನ್ನಿಸಿತ್ತು. ಹಂಚು ಇಳಿಸಿದ ಮೇಲೆ ನೋಡಿದರೆ ಪಡುವಣ ಬದಿಯಲ್ಲಿ ಗೋಡೆಯ ಮೇಲೆ ಮಲಗಿಸಿದ ಮರ ಉದ್ದಕ್ಕೂ ಒರಲೆ (ಗೆದ್ದಲು) ತಿಂದು ಪೊಳ್ಳಾಗಿತ್ತು. ಬಣ್ಣ ಹೊಡೆದ ಹೊರಮೈ ಮಾತ್ರ ಗಟ್ಟಿ, ಒಳಗೆ ಮಣ್ಣು. ಗೋಡೆಯ ಮೇಲಿನ ಮರ ಹೋದರೆ ಅದರ ಮೇಲೆ ಕೂತ ಪಕಾಸಿಗಳ ತುದಿಯೂ ಹೋದಂತೆ ಲೆಕ್ಕ.

ಹಂಚಿಗೆ 70 ಸಾವಿರ. ಇಳಿಸುವಾಗ ಒಡೆಯುತ್ತದೆ ಅಂತ ಗೊತ್ತಿತ್ತು, ಇಷ್ಟು ಅಂತ ಗೊತ್ತಿರಲಿಲ್ಲ. ಮಂಗಗಳ ಕಾಟದಲ್ಲಿ ಮೊದಲೇ ಬಿರುಕು ಬಿಟ್ಟ ಹಂಚು ಎಷ್ಟೋ ಇದ್ದವು, ಕೈಗೆ ತೆಗೆದುಕೊಂಡ ಕೂಡಲೇ ಎರಡು ತುಂಡು.

ವೈರಿಂಗ್‌ಗೆ 1 ಲಕ್ಷದ 20 ಸಾವಿರ. ಇದು ನಮ್ಮ ಅಂದಾಜಿನಲ್ಲಿ ಇರಲೇ ಇಲ್ಲ, ನಮ್ಮದೇ ತಪ್ಪು. ಮರದ ಪಟ್ಟಿಯ ಮೇಲೆ ಓಡಿಸಿದ ಹಳೆಯ ವೈರು, ಇಲಿ ಕಡಿದು ಒಳಗಿನ ತಂತಿ ಕಾಣುತ್ತಿತ್ತು. ಅರ್ಥಿಂಗ್ ಅನ್ನುವುದೇ ಇಲ್ಲ. ಒಣಗಿದ ಮರದ ಮಾಡಿನ ಕೆಳಗೆ ಅದನ್ನು ಬಿಡಲು ಯಾರಿಗೆ ಧೈರ್ಯ ಬರುತ್ತದೆ?

ಮೇ ತಿಂಗಳಲ್ಲಿ ಬಂದ ಮಳೆಯಿಂದ ಕೆಲಸ ನಿಂತು, ಮತ್ತೆ ಶುರುವಾಗಿ, ಕೂಲಿಯಲ್ಲಿ 90 ಸಾವಿರ ಜಾಸ್ತಿ ಆಯಿತು. ಉಳಿದ 1 ಲಕ್ಷದ 70 ಸಾವಿರ "ಹೇಗೂ ಮಾಡಿಸುತ್ತಿದ್ದೇವೆ, ಇದೊಂದು ಆಗಲಿ" ಅಂತ ಅಡಿಗೆಮನೆಗೆ ಹಾಕಿದ್ದು. ಗ್ರಾನೈಟ್, ಗೋಡೆಗೆ ಟೈಲ್ಸ್, ಕಪಾಟು. ಇದನ್ನು ಬೇಕಾದರೆ ಎರಡು ವರ್ಷ ಬಿಟ್ಟು ಮಾಡಬಹುದಿತ್ತು. ಅದಕ್ಕೇ ಕೈಸಾಲ ಮಾಡಬೇಕಾಗಿ ಬಂತು, ಈಗಲೂ ಬೇಸರ ಇದೆ.

ಹಾಗಾಗಿ ನನ್ನ ಸಲಹೆ: ಬಜೆಟ್ ಹಾಕುವ ಮೊದಲು ಮನೆಯನ್ನು ಬಿಚ್ಚಿ ನೋಡಿ. ಒಬ್ಬ ಒಳ್ಳೆಯ ಬಡಗಿ, ಇಬ್ಬರು ಆಳು, ಎರಡು ದಿನ. ನಾಲ್ಕೈದು ಕಡೆ ಹಂಚು ತೆಗೆಸಿ. ಎಲ್ಲಿ ಸೋರುತ್ತದೋ ಅಲ್ಲಿ, ಅಡಿಗೆ ಒಲೆಯ ಮೇಲ್ಗಡೆ, ಪಡುವಣ ಬದಿ, ಮತ್ತೆ ಎರಡು ಮಾಡು ಸೇರುವ ಜಾಗದಲ್ಲಿ ಮಳೆನೀರು ಹರಿಯುವ ತಗಡಿನ ದೋಣಿ. ಮರದ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಗಟ್ಟಿ ಮರ ಆದರೆ ಒಳಗೆ ಹೋಗುವುದಿಲ್ಲ. ಸುತ್ತಿಗೆಯಲ್ಲಿ ತಟ್ಟಿದರೆ ಪೊಳ್ಳು ಸದ್ದು ತಕ್ಷಣ ಗೊತ್ತಾಗುತ್ತದೆ. ಈ ಎರಡು ದಿನಕ್ಕೆ ಆರೇಳು ಸಾವಿರ ಖರ್ಚಾಗಬಹುದು. ನಾವು ಆ ಖರ್ಚು ಮಾಡಿದ್ದರೆ ಮರದ ಲೆಕ್ಕ ಮೊದಲೇ ಸಿಗುತ್ತಿತ್ತು.

ಶಿವಮೊಗ್ಗ ಸೈಟ್ ಇಂಜಿನಿಯರ್

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ನಾನು ಲೆಕ್ಕದ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ಹೊಸ ಮನೆಗೆ ಚದರಕ್ಕೆ ಇಷ್ಟು ಅಂತ ರೇಟ್ ಹೇಳಬಹುದು. ಹಳೆ ಮನೆ ರಿಪೇರಿಗೆ ಆ ಲೆಕ್ಕ ನಡೆಯುವುದಿಲ್ಲ. ಒಂದೇ ಅಳತೆಯ ಎರಡು ಹಂಚಿನ ಮನೆಗಳಲ್ಲಿ ಒಂದಕ್ಕೆ 6 ಲಕ್ಷ ಸಾಕಾಗಿ ಇನ್ನೊಂದಕ್ಕೆ 16 ಲಕ್ಷ ಬೇಕಾಗಿದ್ದನ್ನು ನಾನೇ ನೋಡಿದ್ದೇನೆ. ಆದ್ದರಿಂದ ಕೆಲಸ ಕೆಲಸಕ್ಕೆ ಬೇರೆ ಅಳತೆ, ಬೇರೆ ರೇಟ್ ಬರೆಸಿಕೊಳ್ಳಿ. ಮಾಡು ಎಷ್ಟು ಚದರಡಿ, ಮರ ಎಷ್ಟು ಘನ ಅಡಿ, ಪ್ಲಾಸ್ಟರ್ ಎಷ್ಟು ಚದರಡಿ, ಲೈಟ್ ಪಾಯಿಂಟ್ ಎಷ್ಟು. ಒಟ್ಟು ಒಂದು ಮೊತ್ತ ಬರೆದುಕೊಟ್ಟವರಿಗೆ ಸಹಿ ಹಾಕಬೇಡಿ.

ಮಾಡಿನ ಅಳತೆಯಲ್ಲೇ ಎಷ್ಟೋ ಜನ ಎಡವುತ್ತಾರೆ. ನಿಮ್ಮ ಮನೆ 18 ಚದರ ಅಂದರೆ 36 ಅಡಿ, 50 ಅಡಿ ಅಂತ ಇಟ್ಟುಕೊಳ್ಳಿ. ಮಲೆನಾಡಿನಲ್ಲಿ ಮಾಡು ಗೋಡೆಯಿಂದ ಮೂರು ಅಡಿಯಾದರೂ ಹೊರಗೆ ಚಾಚಿರುತ್ತದೆ, ಎಲ್ಲ ಬದಿಗೂ. ಆಗ 42 ಅಡಿ, 56 ಅಡಿ, ಅಂದರೆ 2,352 ಚದರಡಿ. ಮಾಡು ಇಳಿಜಾರು ಅಲ್ವಾ, 30 ಡಿಗ್ರಿ ಇಳಿಜಾರಿಗೆ ಅದು ಇನ್ನೂ ಸುಮಾರು 15 ಪರ್ಸೆಂಟ್ ಜಾಸ್ತಿ ಆಗುತ್ತದೆ. ಹಾಗಾಗಿ 1,800 ಚದರಡಿ ಮನೆಗೆ ಮಾಡು ಸುಮಾರು 2,700 ಚದರಡಿ. ಒಂದೂವರೆ ಪಟ್ಟು! ಹಂಚು ನೂರು ಚದರಡಿಗೆ 140ರಿಂದ 150 ಹಿಡಿದರೆ ಹತ್ತಿರ ಹತ್ತಿರ 4,000. ಒಂದು ಹಂಚು ಎರಡೂವರೆ ಕೆಜಿ ಅಂದರೂ ನಿಮ್ಮ ಮಾಡಿನ ಮೇಲೆ ಹತ್ತು ಟನ್ ಭಾರ ಇದೆ, ಮಳೆಯಲ್ಲಿ ನೆನೆದರೆ ಇನ್ನೂ ಜಾಸ್ತಿ. ಅದನ್ನು ಇಳಿಸಿ, ತೊಳೆದು, ಮತ್ತೆ ಏರಿಸುವ ಕೂಲಿ ಸಣ್ಣದಲ್ಲ. ಯಾರಾದರೂ 1,800 ಚದರಡಿ ಲೆಕ್ಕದಲ್ಲಿ ಮಾಡಿಗೆ ರೇಟ್ ಕೊಟ್ಟಿದ್ದರೆ, ಕೆಲಸ ಅರ್ಧ ಆದ ಮೇಲೆ ಇನ್ನಷ್ಟು ಕೇಳುತ್ತಾರೆ ಅಂತ ಈಗಲೇ ತಿಳಿದುಕೊಳ್ಳಿ.

ಹಳೆ ಹಂಚನ್ನು ಎಸೆಯಬೇಡಿ. ಗಟ್ಟಿ ಇರುವುದನ್ನು ತೊಳೆದು ಬಳಸಬಹುದು, ಹಳೆಯ ಹಂಚು ಎಷ್ಟೋ ಸಲ ಹೊಸದಕ್ಕಿಂತ ಚೆನ್ನಾಗಿರುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಒಬ್ಬೊಬ್ಬರ ಅಚ್ಚು ಒಂದೊಂದು ರೀತಿ. ಒಬ್ಬರ ಹಂಚು ಇನ್ನೊಬ್ಬರ ಹಂಚಿನ ಮೇಲೆ ಸರಿಯಾಗಿ ಕೂರುವುದಿಲ್ಲ, ಆ ಸಂದಿಯಲ್ಲೇ ಸೋರುತ್ತದೆ. ಇಳಿಸುವಾಗಲೇ ಹಂಚಿನ ಮೇಲಿನ ಹೆಸರು ನೋಡಿ ಬೇರೆ ಬೇರೆ ರಾಶಿ ಹಾಕಿಸಿ. ಒಂದು ಇಳಿಜಾರಿಗೆ ಒಂದೇ ಅಚ್ಚಿನ ಹಂಚು. ಕಡಿಮೆ ಬಿದ್ದದ್ದಕ್ಕೆ ಹೊಸದು ತಂದು ಹಿಂದಿನ ಬದಿಗೆ ಪೂರ್ತಿ ಹೊಸದೇ ಹಾಕಿ.

ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಲೇಬೇಡಿ. ಎಲ್ಲ ಕಾಂಟ್ರಾಕ್ಟರ್‌ಗಳೂ ಸಿಮೆಂಟನ್ನೇ ಹೇಳುತ್ತಾರೆ, ಯಾಕೆಂದರೆ ಅವರಿಗೆ ಗೊತ್ತಿರುವುದು ಅದೊಂದೇ. ಮಣ್ಣಿನ ಗೋಡೆ ನೆಲದಿಂದ ತೇವ ಎಳೆಯುತ್ತದೆ, ಹೊರಗೆ ಬಿಡುತ್ತದೆ. ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಗೋಡೆ ಮೆತ್ತಗಾಗುತ್ತದೆ, ನಾಲ್ಕೈದು ಮಳೆಗಾಲ ಕಳೆಯುವಷ್ಟರಲ್ಲಿ ಪ್ಲಾಸ್ಟರ್ ಹಾಳೆಯ ಹಾಗೆ ಕಳಚಿ ಬರುತ್ತದೆ. ಅದರ ಬದಲು ಸುಣ್ಣ ಬೆರೆಸಿದ ಮಣ್ಣಿನ ಗಿಲಾಯಿ (ಪ್ಲಾಸ್ಟರ್) ಮಾಡಿಸಿ, ಮೇಲೆ ಸುಣ್ಣ. ಮಾಡುವವರು ಕಡಿಮೆ ಇದ್ದಾರೆ, ಕೂಲಿ ಸ್ವಲ್ಪ ಜಾಸ್ತಿ ಕೇಳುತ್ತಾರೆ, ಕೊಡಿ. ಅದಕ್ಕಿಂತ ಮೊದಲು ಮಾಡಿನ ನೀರು ಗೋಡೆ ಬುಡಕ್ಕೆ ಬೀಳದ ಹಾಗೆ ಸುತ್ತ ಒಂದು ಚರಂಡಿ. ಇದು ಯಾರ ಕಣ್ಣಿಗೂ ಕಾಣದ ಕೆಲಸ, ಆದರೆ ಗೋಡೆ ಉಳಿಯುವುದು ಇದರಿಂದಲೇ.

22 ಲಕ್ಷದಲ್ಲಿ ಜಿಎಸ್‌ಟಿ ಸೇರಿದೆಯಾ ಕೇಳಿ. ಬಿಲ್ ಕೊಡುವ ಕಾಂಟ್ರಾಕ್ಟರ್ ಆದರೆ 18 ಪರ್ಸೆಂಟ್ ಬರುತ್ತದೆ, ಅಂದರೆ ಇನ್ನೂ ಸುಮಾರು 4 ಲಕ್ಷ.

ಕೊನೆಯದಾಗಿ, ಮೀಸಲು ಹಣ. ಹೊಸ ಮನೆಗೆ 10 ಪರ್ಸೆಂಟ್ ಸಾಕು. ಹಳೆ ಮನೆಗೆ, ಬಿಚ್ಚಿ ನೋಡಿದ ಮೇಲೂ, 25 ಪರ್ಸೆಂಟ್ ಬದಿಗಿಡಿ. ಆ ದುಡ್ಡು ಇದೆ ಅಂತ ಮೇಸ್ತ್ರಿಗೂ ಹೇಳಬೇಡಿ, ಮನೆಯವರಿಗೂ ಹೇಳಬೇಡಿ.

ಶಿರಸಿ ಸೀಮೆ

ಎಲ್ಲರೂ ಮರ, ಹಂಚು ಅಂತ ಹೇಳುತ್ತಿದ್ದೀರಿ. ನಾನು ಕಾಗದಪತ್ರದ ಬಗ್ಗೆ ಕೇಳುತ್ತೇನೆ. ಮನೆ ಯಾರ ಹೆಸರಿನಲ್ಲಿದೆ? ಅಜ್ಜ ಕಟ್ಟಿಸಿದ್ದು ಎಂದಿರಿ. ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಬ್ಯಾಂಕ್ ಸಾಲದ ಮಾತು ಮುಂದಕ್ಕೆ ಹೋಗುವುದು ಕಷ್ಟ. ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತು (ಆಸ್ತಿಯ ಆನ್‌ಲೈನ್ ದಾಖಲೆ) ಮಾಡಿಸಿ ಅದರ ಪ್ರತಿ ತೆಗೆದುಕೊಳ್ಳಬೇಕು. ಅದಕ್ಕೆ ವಂಶವೃಕ್ಷ ಬೇಕು, ಉಳಿದ ವಾರಸುದಾರರ ಒಪ್ಪಿಗೆ ಬೇಕು. ಅತ್ತೆಯಂದಿರಿದ್ದರೆ ಅವರದೂ.

ನಮ್ಮ ಮನೆಯಲ್ಲಿ ಏನಾಯಿತು ಅಂದರೆ, ನಾನು 9 ಲಕ್ಷ ಹಾಕಿ ಮಾಡು ಪೂರ್ತಿ ಹೊಸದು ಮಾಡಿಸಿದೆ. ಮೂರು ವರ್ಷ ಕಳೆದು ಪಾಲಿನ ಮಾತು ಬಂದಾಗ ಆ 9 ಲಕ್ಷಕ್ಕೆ ಒಂದು ಚೀಟಿಯೂ ಇರಲಿಲ್ಲ. ಅಣ್ಣ ಕೆಟ್ಟವನಲ್ಲ. ಅವನಿಗೆ ಎಷ್ಟು ಖರ್ಚಾಗಿದೆ ಅನ್ನುವುದೇ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ಒಂದು ವರ್ಷ ಮಾತು ಬಿಟ್ಟೆವು. ದಯವಿಟ್ಟು ನೀವೂ ತಮ್ಮನೂ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾರು ಎಷ್ಟು ಹಾಕುತ್ತಾರೆ, ಮುಂದೆ ಪಾಲಾದರೆ ಅದನ್ನು ಹೇಗೆ ಲೆಕ್ಕ ಹಿಡಿಯುವುದು. ಪ್ರೀತಿ ಇರುವಾಗಲೇ ಬರೆಯಬೇಕು. ದುಡ್ಡನ್ನು ಕೈಯಲ್ಲಿ ಕೊಡದೆ ಬ್ಯಾಂಕ್ ಮೂಲಕ ಕೊಡಿ, ಬಿಲ್ ಇಟ್ಟುಕೊಳ್ಳಿ.

ಸಾಲದ ಬಗ್ಗೆ ಇನ್ನೊಂದು. ಮನೆ ಕಟ್ಟಲು ತೆಗೆದ ಸಾಲದ ಬಡ್ಡಿಗೂ ರಿಪೇರಿಗೆ ತೆಗೆದ ಸಾಲದ ಬಡ್ಡಿಗೂ ತೆರಿಗೆ ವಿನಾಯಿತಿ ಒಂದೇ ಅಲ್ಲ. ನಾವೇ ವಾಸ ಇರುವ ಮನೆಗೆ, ಹಳೆಯ ತೆರಿಗೆ ಪದ್ಧತಿಯಲ್ಲಿ, ಕಟ್ಟುವುದಕ್ಕೆ ವರ್ಷಕ್ಕೆ 2 ಲಕ್ಷದವರೆಗೆ ಸಿಕ್ಕಿದರೆ ರಿಪೇರಿಗೆ ಸಿಗುವುದು 30,000 ಮಾತ್ರ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ತೆರಿಗೆ ಉಳಿಯುತ್ತದೆ ಅಂತ ಸಾಲ ತೆಗೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ. 12,900ರ ಕಂತು 84 ತಿಂಗಳು ಅಂದರೆ ಹತ್ತಿರ ಹತ್ತಿರ 10 ಲಕ್ಷದ 80 ಸಾವಿರ, ಬಡ್ಡಿಯೇ 2 ಲಕ್ಷದ 80 ಸಾವಿರ. ನಿಮ್ಮ ಮನೆಗೆ ಒಂದು ಬಚ್ಚಲು ಕಟ್ಟಿಸುವಷ್ಟು ದುಡ್ಡು ಅದು.

ಸಾಗರದ ಮಗಳು

ಎಲ್ಲರಿಗೂ ತುಂಬಾ ಧನ್ಯವಾದ. ಶಿರಸಿಯವರೇ, ಮನೆ ಅಪ್ಪನ ಹೆಸರಿಗೆ ಆಗಿದೆ, ಇ-ಸ್ವತ್ತು ಮಾತ್ರ ಆಗಿಲ್ಲ. ನೀವು ಹೇಳಿದ ಮೇಲೆ ತಮ್ಮನ ಹತ್ತಿರ ಫೋನಿನಲ್ಲಿ ಮಾತಾಡಿದೆ. ಮೊದಲು "ಅಕ್ಕಾ, ನಮ್ಮ ನಡುವೆ ಬರೆಯುವುದೇನು" ಎಂದ. ನಿಮ್ಮ ಒಂದು ವರ್ಷದ ಕಥೆ ಓದಿ ಹೇಳಿದೆ. ಸುಮ್ಮನಾಗಿ, ಆಮೇಲೆ ಒಪ್ಪಿದ.

ಇಂಜಿನಿಯರ್ ಸರ್, ಒಂದು ಪ್ರಶ್ನೆ. ಮರದ ಬದಲು ಪೂರ್ತಿ ಕಬ್ಬಿಣದ ಮಾಡು ಮಾಡಿ ಹಂಚು ಹೊದಿಸಿದರೆ ಒರಲೆಯ ಚಿಂತೆ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅಪ್ಪನಿಗೆ ಇಷ್ಟ ಇಲ್ಲ. ನಮ್ಮ ತೋಟದಲ್ಲಿ ಎರಡು ದೊಡ್ಡ ಹಲಸಿನ ಮರ ಇವೆ, ಅದನ್ನೇ ಕೊಯ್ಸಿ ಹಾಕೋಣ ಎನ್ನುತ್ತಾರೆ. ಯಾವುದು ಒಳ್ಳೆಯದು?

ಶಿವಮೊಗ್ಗ ಸೈಟ್ ಇಂಜಿನಿಯರ್

ಪೂರ್ತಿ ಇದು, ಪೂರ್ತಿ ಅದು ಅಂತ ಮಾಡಬೇಡಿ. 1958ರ ಮನೆ ಅಂದರೆ ಮತ್ತಿ, ಹೊನ್ನೆ, ನಂದಿಯಂಥ ಗಟ್ಟಿ ಮರ ಇರುವ ಸಾಧ್ಯತೆ ಜಾಸ್ತಿ. ಒಲೆಯ ಹೊಗೆ ಕುಡಿದ ತೊಲೆಗಳು ಚೆನ್ನಾಗಿಯೇ ಉಳಿದಿರುತ್ತವೆ. ಗಟ್ಟಿ ಇರುವ ತೊಲೆಯನ್ನು ಇಳಿಸಿ ಕಬ್ಬಿಣ ಹಾಕುವುದು ಸುಮ್ನೆ ದಂಡ. ಪಕಾಸಿ ಹಾಳಾಗುವುದು ಹೆಚ್ಚಾಗಿ ತುದಿಯಲ್ಲಿ. ತುದಿ ಕತ್ತರಿಸಿ ಆ ಮರವನ್ನೇ ಚಿಕ್ಕ ಕಡೆಗೆ ಬಳಸಬಹುದು, ಒಳ್ಳೆಯ ಬಡಗಿ ಕೂತು ಲೆಕ್ಕ ಹಾಕಿದರೆ ಅರ್ಧಕ್ಕಿಂತ ಜಾಸ್ತಿ ಮರ ಉಳಿಯುತ್ತದೆ. ಹಿಂದಿನ ಅಡಿಗೆಮನೆ ಮಾಡು ತೀರಾ ಹಾಳಾಗಿದ್ದರೆ ಅಲ್ಲಿ ಮಾತ್ರ ಕಬ್ಬಿಣ.

ಆದರೆ ಮಣ್ಣಿನ ಗೋಡೆಯ ಮೇಲೆ ಕಬ್ಬಿಣದ ಭಾರ ನೇರವಾಗಿ ಕೂರಿಸಬಾರದು. ಕಂಬ ಕೊಟ್ಟು ಕೂರಿಸಬೇಕು, ಅದರ ಬುನಾದಿ ಖರ್ಚು ಬೇರೆ. ಕಬ್ಬಿಣದವರು ಕೆಜಿ ಲೆಕ್ಕದಲ್ಲಿ ರೇಟ್ ಹೇಳುತ್ತಾರೆ. ಪೇಂಟ್, ಸಾಗಾಟ, ವೆಲ್ಡಿಂಗ್ ಎಲ್ಲ ಸೇರಿದೆಯಾ ಕೇಳಿ. ತೂಕದ ಚೀಟಿ ಕೊಡಬೇಕು ಅಂತ ಮೊದಲೇ ಬರೆಸಿ.

ಹಲಸು ಒಳ್ಳೆಯ ಮರವೇ. ಆದರೆ ಈಗ ಕಡಿದ ಹಸಿ ಮರವನ್ನು ಈ ವರ್ಷವೇ ಮಾಡಿಗೆ ಹಾಕಿದರೆ ಸೆಟೆದು ತಿರುಚಿಕೊಳ್ಳುತ್ತದೆ, ಮೇಲಿನ ಹಂಚಿನ ಸಾಲೆಲ್ಲ ಅಲ್ಲಾಡುತ್ತದೆ. ಕಡಿಯುವ ಮೊದಲು ಅನುಮತಿ ಬೇಕಾ ಅಂತ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಒಂದು ಮರ ಕಡಿದು ಕೊಯ್ಸಿ ನೆರಳಲ್ಲಿ ಒಣಗಲು ಬಿಡಿ, ಮುಂದೆ ಬಾಗಿಲು ಕಿಟಕಿಗೆ ಆಗುತ್ತದೆ. ಅಪ್ಪನವರಿಗೂ ಸಮಾಧಾನ.

ಕುಂದಾಪುರದ ಅಕ್ಕ

ತಂಗೀ, ನಿಮ್ಮ ಬರಹದಲ್ಲಿ ಅಮ್ಮ ಬಿದ್ದದ್ದು ಓದಿ ಮನಸ್ಸು ಕಲಕಿತು. ಇಲ್ಲಿ ಎಲ್ಲರೂ ಮಾಡಿನಿಂದ ಶುರು ಮಾಡಿ ಎನ್ನುತ್ತಿದ್ದಾರೆ. ನಾನು ಬಚ್ಚಲಿನಿಂದ ಶುರು ಮಾಡಿ ಅನ್ನುತ್ತೇನೆ. ಮಾಡು ಬಿಚ್ಚಿದರೆ ತಿಂಗಳುಗಟ್ಟಲೆ ಕೆಲಸ. ಆ ತಿಂಗಳುಗಳಲ್ಲಿ ಅಮ್ಮ ಮತ್ತೆ ಅದೇ ಅಂಗಳ, ಈಗ ಮರದ ತುಂಡು, ಮೊಳೆ, ಒಡೆದ ಹಂಚು ಬಿದ್ದ ಅಂಗಳ ದಾಟಬೇಕಾ? ಕೋಣೆಗೆ ಅಂಟಿಕೊಂಡ ಹಾಗೆ ಹೊರಗೋಡೆಯ ಬದಿಗೆ ಒಂದು ಬಚ್ಚಲು, ಕಮೋಡ್ ಇರುವಂಥದ್ದು, ಮೊದಲು ಕಟ್ಟಿಸಿ. ಕಲ್ಲಿನ ಗೋಡೆಯ ಬದಿಗೇ ಕಟ್ಟಿಸಿ, ಮಣ್ಣಿನ ಗೋಡೆಗೆ ನೀರಿನ ಕೆಲಸ ತಾಗಿಸಬೇಡಿ. ಹೊಸ್ತಿಲು ಬೇಡ, ಮೆಟ್ಟಿಲು ಬೇಡ. ಬಾಗಿಲು ಮೂರು ಅಡಿ ಅಗಲ ಇರಲಿ, ಮುಂದೆ ವೀಲ್‌ಚೇರ್ ಬೇಕಾದರೂ ಹೋಗಬೇಕು. ಗೋಡೆ ಕಟ್ಟುವಾಗಲೇ ಹಿಡಿಕೆಗೆ ಜಾಗ ಗಟ್ಟಿ ಮಾಡಿಸಿ. ಒರಟು ಮೈಯ ಟೈಲ್ಸ್ ಹಾಕಿ, ನುಣುಪು ಬೇಡ. ಪಾಯಿಖಾನೆಯ ಗುಂಡಿಯು ಬಾವಿಯಿಂದ ದೂರ ಇರಬೇಕು, ಅದನ್ನು ಮರೆಯಬೇಡಿ.

ಇನ್ನೊಂದು ಖರ್ಚು ಯಾರೂ ಬರೆಯಲಿಲ್ಲ. ಕೆಲಸ ನಡೆಯುವಾಗ ಅಪ್ಪ ಅಮ್ಮ ಎಲ್ಲಿರುತ್ತಾರೆ? ನಮ್ಮಲ್ಲಿ ಒಂದು ಕೋಣೆ ಬಿಟ್ಟು ಉಳಿದದ್ದನ್ನು ಬಿಚ್ಚುವುದು ಅಂತ ಮಾತಾಗಿತ್ತು. ಮೂರನೇ ದಿನಕ್ಕೆ ಧೂಳು ಕುಡಿದು ಮಾವನಿಗೆ ಉಬ್ಬಸ ಶುರುವಾಯಿತು. ಆಸ್ಪತ್ರೆಗೆ ಹೋಗಿ ಬಂದೆವು, ಆಮೇಲೆ ಎರಡು ತಿಂಗಳು ಬಾಡಿಗೆ ಮನೆ ಹಿಡಿದೆವು. ಬಾಡಿಗೆ, ಸಾಮಾನು ಸಾಗಿಸುವುದು, ಕೆಲಸದವರಿಗೆ ದಿನಾ ಎರಡು ಹೊತ್ತು ಚಾ ತಿಂಡಿ, ದೊಡ್ಡ ಟಾರ್ಪಾಲು. ಇವೆಲ್ಲ ಸೇರಿ ಸಣ್ಣ ಮೊತ್ತ ಅಲ್ಲ. ಟಾರ್ಪಾಲಿಗೆ ಜಿಪುಣತನ ಮಾಡಬೇಡಿ. ಏಪ್ರಿಲ್‌ನಲ್ಲಿ ಒಂದು ಸಂಜೆ ಮಳೆ ಹೊಡೆದರೆ ತೆರೆದ ಮಣ್ಣಿನ ಗೋಡೆ ಕುಸಿಯಲು ಅಷ್ಟೇ ಸಾಕು.

ಇನ್ನು ನಿಮ್ಮ ಕಡೆ ನವೆಂಬರ್‌ನಿಂದ ಜನವರಿವರೆಗೆ ಅಡಿಕೆ ಕೊಯ್ಲು ಅಲ್ವಾ? ಆಳು ಸಿಗುವುದು ಕಷ್ಟ, ಸಿಕ್ಕಿದರೂ ಕೂಲಿ ಜಾಸ್ತಿ. ಆ ಹೊತ್ತಿನಲ್ಲಿ ಬಚ್ಚಲಿನ ಸಣ್ಣ ಕೆಲಸ ಮುಗಿಸಿ, ಹಂಚು ಮರ ತಂದು ಹಾಕಿಕೊಳ್ಳಿ. ಜನವರಿ ಕೊನೆಗೆ ಮಾಡು ಬಿಚ್ಚಿದರೆ ಯುಗಾದಿ ಹೊತ್ತಿಗೆ ಹಂಚು ಹೊದಿಸಬಹುದು.

ತೀರ್ಥಹಳ್ಳಿ ಕಡೆಯವ

ಅಕ್ಕ ಹೇಳಿದ್ದು ಸರಿ. ನನಗೆ ಹೊಳೆದಿರಲಿಲ್ಲ. ಬಚ್ಚಲು ಮೊದಲು.

ಸಾಗರದ ಮಗಳು

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಶನಿವಾರ ಭಾನುವಾರ ಊರಿನಲ್ಲಿದ್ದೆ. ಬಡಗಿಯವರನ್ನೂ ಮೇಸ್ತ್ರಿಯನ್ನೂ ಕರೆಸಿ ಐದು ಕಡೆ ಹಂಚು ತೆಗೆಸಿದೆ. ಒಟ್ಟು 6,400 ಖರ್ಚಾಯಿತು.

ನಡುಮನೆಯ ತೊಲೆಗಳು ಎಲ್ಲವೂ ಗಟ್ಟಿ. ಸ್ಕ್ರೂಡ್ರೈವರ್ ಮೊನೆ ಜಾರಿತೇ ವಿನಾ ಒಳಗೆ ಹೋಗಲಿಲ್ಲ. ಹೊನ್ನೆ ಮರ ಅಂತ ಬಡಗಿಯವರು ಹೇಳಿದರು. ಅಪ್ಪ ಕೆಳಗೆ ನಿಂತು "ನಾನು ಹೇಳಲಿಲ್ವಾ" ಎಂದರು, ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ನಗು ನೋಡಿದೆ. ಜಗಲಿಯ ಬದಿಯ ಪಕಾಸಿಗಳಲ್ಲಿ ಹನ್ನೊಂದರ ತುದಿ ಹೋಗಿದೆ. ಅಡಿಗೆಮನೆಯ ಕಡೆ ಮಾತ್ರ ಕೇಳಬೇಡಿ, ಗೋಡೆಯ ಮೇಲಿನ ಮರವನ್ನು ಕೈಯಲ್ಲೇ ಪುಡಿ ಮಾಡಬಹುದು. ತಗಡಿನ ದೋಣಿಯಲ್ಲಿ ಬೆರಳು ಹೋಗುವಷ್ಟು ತೂತು. ಏಳು ಪಾತ್ರೆಗಳಲ್ಲಿ ನಾಲ್ಕು ಆ ದೋಣಿಯ ಕೆಳಗೇ ಇದ್ದವು.

ಇದನ್ನು ನೋಡಿಕೊಂಡು ಮೇಸ್ತ್ರಿ, ಬಡಗಿ, ಎಲೆಕ್ಟ್ರಿಷಿಯನ್ ಮೂವರಿಂದಲೂ ಬೇರೆ ಬೇರೆ ಅಂದಾಜು ಬರೆಸಿಕೊಂಡೆ. ಮಾಡಿಗೆ, ಅಡಿಗೆಮನೆಯ ಕಬ್ಬಿಣದ ಕೆಲಸ ಸೇರಿ, 7 ಲಕ್ಷದ 50 ಸಾವಿರ. ಬಚ್ಚಲು ಮತ್ತು ಗುಂಡಿಗೆ 2 ಲಕ್ಷದ 40 ಸಾವಿರ. ವೈರಿಂಗ್, ಅರ್ಥಿಂಗ್, ಶಾಕ್ ಹೊಡೆದರೆ ತಾನೇ ಬೀಳುವ ಸ್ವಿಚ್ ಎಲ್ಲ ಸೇರಿ 1 ಲಕ್ಷದ 60 ಸಾವಿರ. ಮಣ್ಣಿನ ಗೋಡೆಯ ಗಿಲಾಯಿ ಮತ್ತು ಸುತ್ತ ಚರಂಡಿಗೆ 1 ಲಕ್ಷದ 50 ಸಾವಿರ. ಅಪ್ಪ ಅಮ್ಮ ಸಾಗರ ಪೇಟೆಯಲ್ಲಿ ಬಾಡಿಗೆಗೆ ಇರುವುದು, ಸಾಗಾಟ, ಚಾ ತಿಂಡಿ, ಟಾರ್ಪಾಲು 60 ಸಾವಿರ. ಒಟ್ಟು 13 ಲಕ್ಷದ 60 ಸಾವಿರ. ಅದರ 25 ಪರ್ಸೆಂಟ್ 3 ಲಕ್ಷದ 40 ಸಾವಿರ. ಕೂಡಿಸಿದಾಗ ಸರಿಯಾಗಿ 17 ಲಕ್ಷ. ಎರಡು ಸಲ ಕೂಡಿಸಿ ನೋಡಿದೆ.

ಸಾಲ ತೆಗೆಯುವುದಿಲ್ಲ. ಇ-ಸ್ವತ್ತಿಗೆ ಅರ್ಜಿ ಮಾತ್ರ ಹಾಕಿಸಿದ್ದೇನೆ, ಮೀಸಲು ಹಣವೂ ಮುಗಿದರೆ ಆಗ ನೋಡೋಣ. ನೆಲ, ಬಣ್ಣ, ಅಡಿಗೆಮನೆ ಕಟ್ಟೆ ಯಾವುದೂ ಈ ವರ್ಷ ಇಲ್ಲ. ನಡುಮನೆಯ ಕೆಂಪು ಕಾವಿ ನೆಲವನ್ನು ಒಡೆದು ಟೈಲ್ಸ್ ಹಾಕಿಸಬೇಕು ಅಂತ ಮೊದಲು ಆಸೆ ಇತ್ತು. ಅಮ್ಮ ಬೇಡವೇ ಬೇಡ ಎಂದರು. ನೆಲ ಬಿರುಕು ಬಿಟ್ಟಿರುವುದು ಎರಡೇ ಕಡೆ, ಉಳಿದದ್ದು ಕನ್ನಡಿಯ ಹಾಗಿದೆ, ನಾನು ದಿನಾ ಒರೆಸಿದ ನೆಲ ಅದು ಅಂತ.

ಬಚ್ಚಲಿನ ಪಾಯ ಮುಂದಿನ ಸೋಮವಾರ. ಇನ್ನೊಂದು ಪ್ರಶ್ನೆ ಉಳಿದಿದೆ. ಮೇಸ್ತ್ರಿ ಮಾಡಿನ ಕೆಲಸಕ್ಕೆ ಅರ್ಧ ದುಡ್ಡು ಮುಂಗಡ ಕೇಳುತ್ತಿದ್ದಾರೆ. ಕೊಡಬಹುದಾ?

ತೀರ್ಥಹಳ್ಳಿ ಕಡೆಯವ

ಅರ್ಧ ಬೇಡ ಮೇಡಂ. ಮರ, ಹಂಚು, ಕಬ್ಬಿಣ ನೀವೇ ಅಂಗಡಿಗೆ ದುಡ್ಡು ಕಟ್ಟಿ ತರಿಸಿ. ಮೇಸ್ತ್ರಿಗೆ ಕೂಲಿಯ ಮುಂಗಡ ಒಂದು ವಾರದ್ದು ಸಾಕು. ಆಮೇಲೆ ಹಂಚು ಇಳಿಸಿ ರಾಶಿ ಹಾಕಿದ ಮೇಲೆ ಒಂದು ಕಂತು, ಮರದ ಕೆಲಸ ಮುಗಿದು ರೀಪು (ಹಂಚು ಕೂರುವ ಮರದ ಪಟ್ಟಿ) ಹೊಡೆದ ಮೇಲೆ ಒಂದು, ಹಂಚು ಹೊದಿಸಿದ ಮೇಲೆ ಒಂದು. ಕೊನೆಯ ಹತ್ತು ಪರ್ಸೆಂಟ್ ಮೊದಲ ಎರಡು ದೊಡ್ಡ ಮಳೆ ಬಿದ್ದು, ಎಲ್ಲೂ ಸೋರಲಿಲ್ಲ ಅಂತ ನೋಡಿದ ಮೇಲೆ. ನಮ್ಮ ಮೇಸ್ತ್ರಿ ಇದಕ್ಕೆ ಒಪ್ಪಿದ್ದರು. ಜೂನ್‌ನಲ್ಲಿ ಮಳೆ ಬಂದ ರಾತ್ರಿ ಅವರೇ ಫೋನ್ ಮಾಡಿ ಎಲ್ಲಾದರೂ ಸೋರುತ್ತಾ ಅಂತ ಕೇಳಿದರು. ಒಂದು ಕಡೆ ಸೋರಿತ್ತು. ಮರುದಿನ ಬೆಳಿಗ್ಗೆ ಬಂದು ಸರಿ ಮಾಡಿಕೊಟ್ಟು ದುಡ್ಡು ತೆಗೆದುಕೊಂಡು ಹೋದರು.